ಆರು ವರ್ಷ ಜೈಲಿನಲ್ಲಿದ್ದೂ ಅಂಗಡಿ ಮುಚ್ಚದ ಪ್ರಕಾಶಕ: ರಿಚರ್ಡ್ ಕಾರ್ಲೈಲ್

ಪ್ರಶ್ನೆ: ನಾನು ಇತಿಹಾಸದ ಸ್ನಾತಕೋತ್ತರ ವಿದ್ಯಾರ್ಥಿನಿ. ಇಂಗ್ಲೆಂಡಿನ ಪೀಟರ್‌ಲೂ ಹತ್ಯಾಕಾಂಡದ ಬಗ್ಗೆ ಸೆಮಿನಾರ್ ಪ್ರಬಂಧ ಬರೆಯುತ್ತಿರುವಾಗ ರಿಚರ್ಡ್ ಕಾರ್ಲೈಲ್ ಎಂಬ ಪ್ರಕಾಶಕನ ಹೆಸರು ಸಿಕ್ಕಿತು. ಪುಸ್ತಕ ಮಾರಿದ್ದಕ್ಕಾಗಿ ಒಬ್ಬ ಮನುಷ್ಯನನ್ನು ಅಷ್ಟೊಂದು ವರ್ಷ ಜೈಲಿನಲ್ಲಿಟ್ಟದ್ದು ಏಕೆ? ಒಳಗಿದ್ದುಕೊಂಡು ಆತ ಪತ್ರಿಕೆಯನ್ನು ಹೇಗೆ ನಡೆಸಿದ? ಇಷ್ಟು ಮಾಡಿದವನ ಹೆಸರು ನಮಗೆ ಏಕೆ ಗೊತ್ತಿಲ್ಲ? ಭಾರತಕ್ಕೂ ಆತನಿಗೂ ಏನಾದರೂ ನಂಟಿದೆಯೇ?

ಉತ್ತರ: ಮೊದಲು ಒಂದು ಗೊಂದಲ ನಿವಾರಿಸಿಕೊಳ್ಳೋಣ. ಫ್ರೆಂಚ್ ಕ್ರಾಂತಿಯ ಚರಿತ್ರೆ ಬರೆದ ಥಾಮಸ್ ಕಾರ್ಲೈಲ್ ಬೇರೆ, ಈ ರಿಚರ್ಡ್ ಕಾರ್ಲೈಲ್ ಬೇರೆ. ಇಬ್ಬರೂ ಒಂದೇ ಕಾಲದವರು, ಆದರೆ ಸಂಬಂಧಿಕರಲ್ಲ. ಥಾಮಸ್ ಸ್ಕಾಟ್ಲೆಂಡಿನವನು, ವಿಶ್ವವಿದ್ಯಾಲಯದಲ್ಲಿ ಓದಿದವನು. ನೀವು ಕೇಳುತ್ತಿರುವ ರಿಚರ್ಡ್ ತಗಡಿನ ಕೆಲಸ ಕಲಿತವನು.

ಆತ ಹುಟ್ಟಿದ್ದು 1790ರ ಡಿಸೆಂಬರ್ 8ರಂದು, ಡೆವನ್ ಪ್ರಾಂತ್ಯದ ಆಶ್‌ಬರ್ಟನ್ ಎಂಬ ಸಣ್ಣ ಪಟ್ಟಣದಲ್ಲಿ. ಚಿಕ್ಕಂದಿನಲ್ಲೇ ತಂದೆಯ ಆಸರೆ ತಪ್ಪಿತು. ತಾಯಿ ಪುಟ್ಟ ಅಂಗಡಿ ನಡೆಸಿ ಮಕ್ಕಳನ್ನು ಸಾಕಿದಳು. ಊರಿನ ಉಚಿತ ಶಾಲೆಯಲ್ಲಿ ಓದು ಬರಹದ ಜೊತೆ ತುಸು ಲ್ಯಾಟಿನ್ ಕಲಿತ ಹುಡುಗನನ್ನು ತಗಡಿನ ಕೆಲಸಕ್ಕೆ ಹಾಕಿದರು. 1813ರಲ್ಲಿ ಜೇನ್ ಎಂಬಾಕೆಯನ್ನು ಮದುವೆಯಾಗಿ ಲಂಡನ್ನಿಗೆ ಬಂದ. ಇಪ್ಪತ್ತಾರರ ವಯಸ್ಸಿನವರೆಗೆ ಆತನ ಬದುಕಿನಲ್ಲಿ ಇತಿಹಾಸ ಗುರುತಿಸುವಂಥದ್ದು ಏನೂ ಇರಲಿಲ್ಲ.

1815ರಲ್ಲಿ ನೆಪೋಲಿಯನ್ ಜೊತೆಗಿನ ಯುದ್ಧ ಮುಗಿದ ಮೇಲೆ ಇಂಗ್ಲೆಂಡಿನಲ್ಲಿ ಕೆಲಸಗಳು ಕುಸಿದವು, ಬ್ರೆಡ್ಡಿನ ಬೆಲೆ ಏರಿತು. 1816ರ ಚಳಿಗಾಲದಲ್ಲಿ ಕಾರ್ಲೈಲ್‌ಗೂ ಪೂರ್ತಿ ಕೆಲಸ ಸಿಗದಾಯಿತು. ಬಿಡುವಿನಲ್ಲಿ ರಾಜಕೀಯ ಪತ್ರಿಕೆಗಳನ್ನು ಓದತೊಡಗಿದ. 1817ರಲ್ಲಿ ಸರ್ಕಾರ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತಿನಲ್ಲಿಟ್ಟಿತು. ವಿಚಾರಣೆಯಿಲ್ಲದೆ ಬಂಧಿಸಬಹುದು ಎಂದಾದಾಗ ಅನೇಕ ವ್ಯಾಪಾರಿಗಳು ಸುಧಾರಣಾವಾದಿ ಪತ್ರಿಕೆಗಳನ್ನು ಮಾರಲು ಅಂಜಿದರು. ಆಗ ಕಾರ್ಲೈಲ್ ಸಾಲ ಮಾಡಿ ‘ಬ್ಲ್ಯಾಕ್ ಡ್ವಾರ್ಫ್’ ಪತ್ರಿಕೆಯ ಪ್ರತಿಗಳನ್ನು ಕೊಂಡು, ಲಂಡನ್ನಿನ ಬೀದಿಗಳಲ್ಲಿ ನಡೆದು ಮಾರಲು ಹೊರಟ. ಆತನ ಮುಂದಿನ ಬದುಕೆಲ್ಲ ಇಲ್ಲಿಂದಲೇ ಬೆಳೆಯಿತು. ಆತ ಬರಹಗಾರನಾಗಿ ಶುರು ಮಾಡಿದವನಲ್ಲ, ಚಿಂತಕನಾಗಿಯೂ ಅಲ್ಲ. ಬೇರೆಯವರು ಮಾರಲು ಹೆದರಿದ್ದನ್ನು ಮಾರುವವನಾಗಿ ಶುರು ಮಾಡಿದ.

ಬೇಗನೆ ಶೆರ್ವಿನ್ ಎಂಬ ತರುಣ ಸಂಪಾದಕನ ವಾರಪತ್ರಿಕೆಗೆ ಪ್ರಕಾಶಕನಾಗಿ ಫ್ಲೀಟ್ ಸ್ಟ್ರೀಟಿನಲ್ಲಿ ಅಂಗಡಿ ಹಾಕಿದ. ಆಸ್ಥಾನಕವಿ ರಾಬರ್ಟ್ ಸೌದಿ ಯೌವನದಲ್ಲಿ ಬರೆದು, ನಂತರ ಮರೆಯಾಗಲಿ ಎಂದು ಬಯಸಿದ್ದ ಕ್ರಾಂತಿಕಾರಿ ನಾಟಕವೊಂದನ್ನು ಅಗ್ಗದ ದರದಲ್ಲಿ ಅಚ್ಚು ಹಾಕಿಸಿದ. ಅದೇ 1817ರಲ್ಲಿ ವಿಲಿಯಂ ಹೋನ್ ಬರೆದ, ಚರ್ಚಿನ ಪ್ರಾರ್ಥನೆಗಳ ಧಾಟಿಯಲ್ಲಿ ಮಂತ್ರಿಗಳನ್ನು ಅಣಕಿಸುವ ಕಿರುಹೊತ್ತಗೆಗಳನ್ನು ಮರುಮುದ್ರಿಸಿ ಹದಿನೆಂಟು ವಾರ ಜೈಲಿನಲ್ಲಿದ್ದ. ಹೋನ್ ಮೂರು ವಿಚಾರಣೆಗಳಲ್ಲೂ ಖುಲಾಸೆಯಾದ ಮೇಲೆ ಈತನನ್ನೂ ಬಿಟ್ಟರು. ಒಂದು ಜ್ಯೂರಿ ಹೆದರದಿದ್ದರೆ ಸರ್ಕಾರ ಹಿಂದೆ ಸರಿಯುತ್ತದೆ ಎಂಬುದನ್ನು ಆತ ಅಲ್ಲಿ ಕಣ್ಣಾರೆ ಕಂಡ.

ಈಗ ನಿಮ್ಮ ಮೊದಲ ಪ್ರಶ್ನೆ. ಅಷ್ಟೊಂದು ವರ್ಷ ಜೈಲು ಏಕೆ? 1818ರಲ್ಲಿ ಕಾರ್ಲೈಲ್, ಅರಸೊತ್ತಿಗೆಯನ್ನೂ ಚರ್ಚನ್ನೂ ಪ್ರಶ್ನಿಸಿದ ಲೇಖಕ ಥಾಮಸ್ ಪೇನ್‌ನ ಬರಹಗಳನ್ನು ಮತ್ತೆ ಅಚ್ಚಿಗೆ ತಂದ. ಅವುಗಳಲ್ಲಿ ‘ದಿ ಏಜ್ ಆಫ್ ರೀಸನ್’ ಕೂಡ ಇತ್ತು. ಬೈಬಲ್ ದೇವರ ವಾಕ್ಯವಲ್ಲ, ಮನುಷ್ಯರು ಬರೆದ ಪುಸ್ತಕ ಎಂದು ವಾದಿಸುವ ಆ ಕೃತಿಯನ್ನು ಪ್ರಕಟಿಸಿದವರಿಗೆ 1797ರಿಂದಲೇ ಶಿಕ್ಷೆಯಾಗುತ್ತಿತ್ತು. ಆದರೆ ಒಂದು ವಿಷಯ ಗಮನಿಸಿ. ತತ್ವಜ್ಞಾನಿ ಹ್ಯೂಮ್ ಮತ್ತು ಇತಿಹಾಸಕಾರ ಗಿಬ್ಬನ್ ಬರಹಗಳಲ್ಲೂ ಕ್ರೈಸ್ತ ಧರ್ಮದ ಕಟು ವಿಮರ್ಶೆ ಇತ್ತು. ಅವು ಶ್ರೀಮಂತರ ಗ್ರಂಥಾಲಯಗಳಲ್ಲಿ ಚರ್ಮದ ಹೊದಿಕೆ ತೊಟ್ಟು ನೆಮ್ಮದಿಯಾಗಿ ಕೂತಿದ್ದವು. ಅವನ್ನು ಮಾರಿದವರನ್ನು ಯಾರೂ ಎಳೆದೊಯ್ಯಲಿಲ್ಲ. ಪೇನ್ ಬರೆದದ್ದು ನೇಯುವವನಿಗೂ ಚಮ್ಮಾರನಿಗೂ ಅರ್ಥವಾಗುವ ಭಾಷೆಯಲ್ಲಿ, ಮತ್ತು ಕಾರ್ಲೈಲ್‌ನಂಥವರು ಅದನ್ನು ಅವರ ಕೈಗೆಟುಕುವಂತೆ ಮಾಡುತ್ತಿದ್ದರು. ಆ ಕಾಲದ ಮೊಕದ್ದಮೆಗಳನ್ನು ಸಾಲಾಗಿ ಓದಿದರೆ ನನಗೆ ಕಾಣುವುದು ಇಷ್ಟು: ದೈವನಿಂದೆ ಎಂಬುದು ಆರೋಪಪಟ್ಟಿಯ ಹೆಸರು, ನಿಜವಾದ ಅಪರಾಧ ಅಗ್ಗದ ಬೆಲೆ.

ಇದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ, 1819ರ ಡಿಸೆಂಬರಿನಲ್ಲಿ ಸಂಸತ್ತು ತಂದ ಆರು ಕಾಯಿದೆಗಳನ್ನು ನೋಡಿ. ಅವುಗಳಲ್ಲಿ ಒಂದು, ಆರು ಪೆನ್ನಿಗಿಂತ ಕಡಿಮೆ ಬೆಲೆಯ ರಾಜಕೀಯ ನಿಯತಕಾಲಿಕಗಳ ಮೇಲೂ ಪ್ರತಿಗೆ ನಾಲ್ಕು ಪೆನ್ನಿ ಸ್ಟಾಂಪ್ ತೆರಿಗೆ ಹಾಕಿತು. ಎರಡು ಪೆನ್ನಿಯ ಪತ್ರಿಕೆಗೆ ನಾಲ್ಕು ಪೆನ್ನಿ ತೆರಿಗೆ! ಆಲೋಚನೆಯನ್ನು ನಿಷೇಧಿಸುವ ಗೋಜಿಗೇ ಹೋಗಬೇಕಿಲ್ಲ, ಕೂಲಿಯವನು ಕೊಳ್ಳಲಾಗದಂತೆ ಮಾಡಿದರೆ ಸಾಕು. ಈ ತೆರಿಗೆ 1836ರಲ್ಲಿ ಒಂದು ಪೆನ್ನಿಗೆ ಇಳಿದು, 1855ರಲ್ಲಿ ರದ್ದಾಯಿತು.

ಪೀಟರ್‌ಲೂ ಘಟನೆ ನಿಮಗೆ ಗೊತ್ತೇ ಇದೆ, ಹಾಗಾಗಿ ಅದನ್ನು ವಿಸ್ತರಿಸುವುದಿಲ್ಲ. 1819ರ ಆಗಸ್ಟ್ 16ರಂದು ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸಂಸತ್ತಿನ ಸುಧಾರಣೆ ಕೇಳಿ ಸುಮಾರು 60,000 ಜನ ಸೇರಿದ್ದರು. ಭಾಷಣಕಾರರಲ್ಲಿ ಒಬ್ಬನಾಗಿ ಕಾರ್ಲೈಲ್, ಸುಧಾರಣಾವಾದಿ ನಾಯಕ ಹೆನ್ರಿ ಹಂಟ್ ಜೊತೆ ವೇದಿಕೆಯ ಮೇಲಿದ್ದ. ಕುದುರೆ ಸವಾರ ಸೈನಿಕರು ಕತ್ತಿ ಹಿರಿದು ಜನರ ಮೇಲೆ ನುಗ್ಗಿದ್ದನ್ನು ಅಷ್ಟು ಹತ್ತಿರದಿಂದ ನೋಡಿದ. ಹಂಟ್‌ನನ್ನು ಬಂಧಿಸಿದರು, ಕಾರ್ಲೈಲ್ ತಪ್ಪಿಸಿಕೊಂಡು ಅಂಚೆ ಗಾಡಿ ಹಿಡಿದು ಲಂಡನ್ ಸೇರಿದ. ತಾನು ಕಂಡದ್ದನ್ನು ಕೂಡಲೇ ಪ್ರಕಟಿಸಿದ. ಅಧಿಕಾರಿಗಳ ಹೇಳಿಕೆಯೊಂದೇ ಊರೂರಿಗೆ ತಲುಪದಂತೆ ತಡೆದ ಮೊದಲ ಪ್ರತ್ಯಕ್ಷ ವರದಿಗಳಲ್ಲಿ ಅದೂ ಒಂದು. ನಿಮ್ಮ ಪ್ರಬಂಧದಲ್ಲಿ ಅದನ್ನು ಬಳಸುವಾಗ ಆತ ವೇದಿಕೆಯ ಮೇಲಿನವನು, ತಟಸ್ಥನಲ್ಲ ಎಂಬುದನ್ನು ಜೊತೆಗೇ ಬರೆಯಿರಿ. ಅದೇ ತಿಂಗಳ ಕೊನೆಗೆ ಪತ್ರಿಕೆಯ ಹೆಸರನ್ನೇ ‘ದಿ ರಿಪಬ್ಲಿಕನ್’ ಎಂದು ಬದಲಾಯಿಸಿದ. ಅರಸೊತ್ತಿಗೆಯ ನಾಡಿನಲ್ಲಿ ಆ ಹೆಸರನ್ನು ಮುಖಪುಟದಲ್ಲಿ ಅಚ್ಚು ಹಾಕುವುದೇ ಸವಾಲೆಸೆದಂತೆ.

ಅಕ್ಟೋಬರಿನಲ್ಲಿ ಲಂಡನ್ನಿನ ಗಿಲ್ಡ್‌ಹಾಲ್‌ನಲ್ಲಿ ವಿಚಾರಣೆ ನಡೆಯಿತು. ವಕೀಲರನ್ನು ಇಟ್ಟುಕೊಳ್ಳದೆ ತಾನೇ ವಾದಿಸಿದ. ಪುಸ್ತಕ ದೈವನಿಂದೆಯೋ ಅಲ್ಲವೋ ಎಂದು ತೀರ್ಮಾನಿಸಬೇಕಾದರೆ ಜ್ಯೂರಿ ಅದನ್ನು ಕೇಳಲೇಬೇಕು ಎಂದು ಹೇಳಿ ‘ದಿ ಏಜ್ ಆಫ್ ರೀಸನ್’ ಅನ್ನು ನ್ಯಾಯಾಲಯದಲ್ಲಿ ಪೂರ್ತಿ ಓದಿದ. ಓದಿದ್ದೆಲ್ಲ ನಡಾವಳಿಯ ಭಾಗವಾಗುತ್ತದೆ, ನಡಾವಳಿಯ ವರದಿಯನ್ನು ಅಚ್ಚು ಹಾಕುವುದನ್ನು ತಡೆಯಲಾಗದು ಎಂಬುದು ಆತನ ಲೆಕ್ಕ. ಜೇನ್ ಆ ವರದಿಯನ್ನು ಎರಡೆರಡು ಪೆನ್ನಿಯ ಕಂತುಗಳಲ್ಲಿ ಮಾರಿದಳು. ವರದಿಯ ಹೆಸರಿನಲ್ಲಿ ದೈವನಿಂದೆಯನ್ನು ಮರುಪ್ರಕಟಿಸುವಂತಿಲ್ಲ ಎಂದು ನ್ಯಾಯಾಲಯ ಹೇಳಿತು ನಿಜ, ಆದರೆ ಅಷ್ಟರಲ್ಲಿ ಕಂತುಗಳು ಊರೂರಿಗೆ ಹೋಗಿದ್ದವು. ನಿಷೇಧಿಸಲೆಂದು ಹೂಡಿದ ಮೊಕದ್ದಮೆಯೇ ಆ ಪುಸ್ತಕದ ಅಗ್ಗದ ಆವೃತ್ತಿಗೆ ದಾರಿ ಮಾಡಿಕೊಟ್ಟಿತು.

ಶಿಕ್ಷೆ ಮೂರು ವರ್ಷ ಜೈಲು, 1,500 ಪೌಂಡ್ ದಂಡ, ಅದರ ಮೇಲೆ ಜೀವನಪರ್ಯಂತ ಸನ್ನಡತೆಯ ಜಾಮೀನು. ದಂಡದ ಭಾರವನ್ನು ಅಂದಾಜು ಮಾಡಬೇಕಾದರೆ, ದಕ್ಷಿಣ ಇಂಗ್ಲೆಂಡಿನ ಹೊಲದ ಕೂಲಿಯವನಿಗೆ ಆಗ ವಾರಕ್ಕೆ ಹತ್ತು ಶಿಲ್ಲಿಂಗ್ ಆಸುಪಾಸು ಸಿಗುತ್ತಿತ್ತು. ಪೌಂಡಿಗೆ ಇಪ್ಪತ್ತು ಶಿಲ್ಲಿಂಗ್. ಆ ಲೆಕ್ಕದಲ್ಲಿ ಅದು ಅರ್ಧ ಶತಮಾನಕ್ಕೂ ಹೆಚ್ಚಿನ ದುಡಿಮೆ. ಅಧಿಕಾರಿಗಳು ಅಂಗಡಿಯ ಸರಕನ್ನೆಲ್ಲ ಜಪ್ತಿ ಮಾಡಿ ಬಾಗಿಲು ಮುಚ್ಚಿಸಿದರು. ಕಾರ್ಲೈಲ್ ದಂಡ ಕಟ್ಟಲಾರೆ, ಕಟ್ಟುವುದೂ ಇಲ್ಲ ಎಂದ. ಹಾಗಾಗಿ ಮೂರು ವರ್ಷ ಆರು ವರ್ಷವಾಯಿತು. 1819ರ ನವೆಂಬರಿನಿಂದ 1825ರ ನವೆಂಬರಿನವರೆಗೆ ಆತ ಡಾರ್ಚೆಸ್ಟರ್ ಜೈಲಿನಲ್ಲಿದ್ದ.

ಕವಿ ಶೆಲ್ಲಿ ಇಟಲಿಯಿಂದಲೇ ಈ ತೀರ್ಪನ್ನು ಖಂಡಿಸಿ ಲಂಡನ್ನಿನ ಪತ್ರಿಕೆಯೊಂದಕ್ಕೆ ದೀರ್ಘ ಪತ್ರ ಬರೆದ; ಅದು ಆಗ ಅಚ್ಚಾಗಲಿಲ್ಲ. 1823ರಲ್ಲಿ, ಇನ್ನೂ ಇಪ್ಪತ್ತು ತುಂಬದ ಜಾನ್ ಸ್ಟುವರ್ಟ್ ಮಿಲ್ ಈ ಮೊಕದ್ದಮೆಗಳನ್ನು ಪ್ರತಿಭಟಿಸಿ ಬೇರೆ ಹೆಸರಿನಲ್ಲಿ ‘ಮಾರ್ನಿಂಗ್ ಕ್ರಾನಿಕಲ್’ಗೆ ಪತ್ರಗಳನ್ನು ಬರೆದ. ಅಭಿವ್ಯಕ್ತಿ ಸ್ವಾತಂತ್ರ್ಯದ ಬಗ್ಗೆ ಮಿಲ್‌ನ ವಾದಗಳನ್ನು ನಾವು ಪಠ್ಯವಾಗಿ ಓದುತ್ತೇವೆ. ಆ ತರುಣನನ್ನು ಲೇಖನಿ ಹಿಡಿಯುವಂತೆ ಮಾಡಿದ ಪ್ರಕರಣಗಳಲ್ಲಿ ಇದೂ ಒಂದು ಎಂಬುದನ್ನು ತರಗತಿಯಲ್ಲಿ ಯಾರೂ ಹೇಳುವುದಿಲ್ಲ.

ಒಳಗಿದ್ದುಕೊಂಡು ಪತ್ರಿಕೆ ಹೇಗೆ ನಡೆಯಿತು ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು, ಮತ್ತು ಅದರ ಉತ್ತರದಲ್ಲಿ ಕಾರ್ಲೈಲ್ ಒಬ್ಬನೇ ಇಲ್ಲ. ಡಾರ್ಚೆಸ್ಟರಿನಲ್ಲಿ ಆತನಿಗೆ ಪ್ರತ್ಯೇಕ ಕೋಣೆ, ಕಾಗದ, ಲೇಖನಿ ಸಿಕ್ಕಿದ್ದವು. ಬರೆದದ್ದು ಹೊರಗೆ ಹೋಗುತ್ತಿತ್ತು. ನಡುವೆ ಕೆಲಕಾಲ ನಿಂತದ್ದನ್ನು ಬಿಟ್ಟರೆ ‘ದಿ ರಿಪಬ್ಲಿಕನ್’ 1826ರವರೆಗೂ ಬಂತು. ಆದರೆ ಬರೆಯುವುದು ಸುಲಭದ ಭಾಗ. ಲಂಡನ್ನಿನಲ್ಲಿ ಅಂಗಡಿಯ ಗಲ್ಲಾದ ಹಿಂದೆ ಯಾರಾದರೂ ನಿಲ್ಲಬೇಕಿತ್ತು, ಮತ್ತು ಹಾಗೆ ನಿಂತವರು ಬಂಧನಕ್ಕೆ ಸಿದ್ಧರಾಗಿರಬೇಕಿತ್ತು.

ಮುಚ್ಚಿಸಿದ ಅಂಗಡಿಯನ್ನು ಮತ್ತೆ ತೆರೆದು ಮೊದಲು ನಿಂತವಳು ಜೇನ್. 1821ರಲ್ಲಿ ಆಕೆಗೆ ಎರಡು ವರ್ಷ ಶಿಕ್ಷೆಯಾಗಿ ಗಂಡನಿದ್ದ ಜೈಲಿಗೇ ಕಳುಹಿಸಿದರು. ಅಲ್ಲಿಯೇ ಹೆರಿಗೆಯಾಗಿ ಮಗಳು ಹುಟ್ಟಿದಳು. ಜೇನ್ ನಂತರ ಕಾರ್ಲೈಲ್‌ನ ತಂಗಿ ಮೇರಿ ಆ್ಯನ್ ಅಂಗಡಿಗೆ ಬಂದಳು. ಅವಳಿಗೂ ಒಂದು ವರ್ಷ ಜೈಲು, 500 ಪೌಂಡ್ ದಂಡ. ಇನ್ನು ಕುಟುಂಬದಲ್ಲಿ ಯಾರೂ ಉಳಿದಿಲ್ಲ, ಅಂಗಡಿ ಮುಚ್ಚುತ್ತದೆ ಎಂದು ಮೊಕದ್ದಮೆ ಹೂಡಿದವರು ಭಾವಿಸಿದ್ದರೆ ಆಶ್ಚರ್ಯವಿಲ್ಲ. ಮೊಕದ್ದಮೆ ಹೂಡುತ್ತಿದ್ದದ್ದು ಸರ್ಕಾರವೊಂದೇ ಅಲ್ಲ. 1802ರಲ್ಲಿ ಹುಟ್ಟಿದ ದುರಾಚಾರ ನಿಗ್ರಹ ಸಂಘ ಎಂಬ ಗಣ್ಯರ ಖಾಸಗಿ ಕೂಟವೂ ಅದರಲ್ಲಿ ಮುಂದಿತ್ತು.

ಕಾರ್ಲೈಲ್ ಜೈಲಿನಿಂದ ಪತ್ರಿಕೆಯಲ್ಲೇ ಕರೆ ಕೊಟ್ಟ: ಅಂಗಡಿಗೆ ಸ್ವಯಂಸೇವಕರು ಬೇಕು. ಉತ್ತರದ ಗಿರಣಿ ಊರುಗಳಿಂದ, ಹಳ್ಳಿಗಳಿಂದ ಜನ ಬಂದರು. ಹಂಫ್ರಿ ಬಾಯ್ಲ್ ಎಂಬ ಯುವಕ ತನ್ನ ಹೆಸರನ್ನೇ ಹೇಳಲು ನಿರಾಕರಿಸಿದ್ದರಿಂದ ಹೆಸರು ಗೊತ್ತಿಲ್ಲದ ವ್ಯಕ್ತಿ ಎಂದೇ ವಿಚಾರಣೆ ನಡೆಸಬೇಕಾಯಿತು. ಲೀಡ್ಸ್‌ನಿಂದ ಬಂದ ಜೇಮ್ಸ್ ವ್ಯಾಟ್ಸನ್ 1823ರಲ್ಲಿ ಒಂದು ವರ್ಷ ಜೈಲಿಗೆ ಹೋಗಿ, ಹೊರಬಂದು ಅಚ್ಚುಮೊಳೆ ಜೋಡಿಸುವ ಕೆಲಸ ಕಲಿತು, ಮುಂದೆ ತಾನೇ ದೊಡ್ಡ ಸುಧಾರಣಾವಾದಿ ಪ್ರಕಾಶಕನಾದ. ರಿಚರ್ಡ್ ಹ್ಯಾಸೆಲ್ ಹೊಲದಲ್ಲಿ ಕೂಲಿ ಮಾಡುತ್ತಿದ್ದವನು. 1824ರಲ್ಲಿ ಒಮ್ಮೆಲೇ ಹಲವರನ್ನು ಹಿಡಿದು ನ್ಯೂಗೇಟ್ ಜೈಲಿಗೆ ಹಾಕಿದಾಗ ಅವರು ಸುಮ್ಮನೆ ಕೂರಲಿಲ್ಲ. ಅಲ್ಲಿಂದಲೇ ‘ನ್ಯೂಗೇಟ್ ಮಂತ್ಲಿ ಮ್ಯಾಗಝೀನ್’ ಎಂಬ ಮಾಸಪತ್ರಿಕೆ ಹೊರಡಿಸಿದರು. ಎಲ್ಲ ಸೇರಿ ಜೈಲು ಸೇರಿದ ಮಾರಾಟಗಾರರ ಸಂಖ್ಯೆ ಸುಮಾರು 150 ಎಂದು ಇತಿಹಾಸಕಾರರು ಸಾಮಾನ್ಯವಾಗಿ ಹೇಳುತ್ತಾರೆ.

ಇವರಲ್ಲಿ ನಾನು ಬಹಳ ಗೌರವಿಸುವವಳು ಸುಸಾನಾ ರೈಟ್. ನಾಟಿಂಗ್‌ಹ್ಯಾಮಿನ ಲೇಸ್ ಕೆಲಸಗಾರ್ತಿ. 1822ರಲ್ಲಿ ಎಳೆಗೂಸನ್ನು ಎತ್ತಿಕೊಂಡೇ ನ್ಯಾಯಾಲಯಕ್ಕೆ ಬಂದು ತನ್ನ ವಾದವನ್ನು ತಾನೇ ಮಂಡಿಸಿದಳು. ನ್ಯಾಯಾಧೀಶರು ತಡೆದರೂ ಮುಂದುವರಿಸಿದಳು. ಹದಿನೆಂಟು ತಿಂಗಳ ಶಿಕ್ಷೆ ಮುಗಿಸಿ, 1826ರಲ್ಲಿ ತನ್ನ ಊರಿನಲ್ಲೇ ಪುಸ್ತಕದಂಗಡಿ ತೆರೆದಳು. ಜನ ಗುಂಪುಗೂಡಿ ಅಂಗಡಿಯ ಮೇಲೆ ದಾಳಿ ಮಾಡಿದರು. ಆಕೆ ಅಂಗಡಿ ಬಿಟ್ಟು ಓಡಲಿಲ್ಲ.

ಈ ಕಥೆ ಹೇಳುವವರೆಲ್ಲ ಒಂದು ಯಂತ್ರದ ವಿಷಯ ತಪ್ಪದೆ ಹೇಳುತ್ತಾರೆ. ಮಾರಿದವರು ಯಾರೆಂದು ಗೂಢಚಾರರು ಗುರುತಿಸಿ ಸಾಕ್ಷಿ ಹೇಳದಂತೆ, ಅಂಗಡಿಯಲ್ಲಿ ಒಂದು ಅಡ್ಡಗೋಡೆ ಕಟ್ಟಿ, ಅದರ ಮೇಲೆ ಗಡಿಯಾರದಂಥ ಮುಖಫಲಕ ಇಟ್ಟಿದ್ದರು. ಗಿರಾಕಿ ಮುಳ್ಳನ್ನು ತನಗೆ ಬೇಕಾದ ಪುಸ್ತಕದ ಕಡೆಗೆ ತಿರುಗಿಸಿ ಹಣ ಹಾಕಿದರೆ ಪುಸ್ತಕ ಕೆಳಗೆ ಬೀಳುತ್ತಿತ್ತು. ಕುತೂಹಲದ ಸಂಗತಿಯೇ. ಆದರೆ ಸರ್ಕಾರವನ್ನು ಮಣಿಸಿದ್ದು ಆ ಯಂತ್ರವಲ್ಲ. ಮುಖ ತೋರಿಸಿ ನಿಂತು, ಹೌದು ನಾನೇ ಮಾರಿದೆ ಎಂದವರು ಮಣಿಸಿದರು. ಒಬ್ಬರನ್ನು ಹಿಡಿದರೆ ಇನ್ನೊಬ್ಬರು ಬಂದು ನಿಲ್ಲುತ್ತಿದ್ದರು. ಪ್ರತಿ ವಿಚಾರಣೆಯ ವರದಿಯೂ ಮತ್ತೊಂದು ಅಗ್ಗದ ಹೊತ್ತಗೆಯಾಗುತ್ತಿತ್ತು. ಜೈಲಿನಲ್ಲಿದ್ದವರಿಗಾಗಿ ನೇಕಾರರು, ದರ್ಜಿಗಳು, ಗಣಿ ಕೆಲಸಗಾರರು ಪೆನ್ನಿ ಪೆನ್ನಿಯಾಗಿ ಕೂಡಿಸಿದ ಹಣದ ಪಟ್ಟಿಗಳು ‘ದಿ ರಿಪಬ್ಲಿಕನ್’ನಲ್ಲಿ ಸಂಚಿಕೆಯಿಂದ ಸಂಚಿಕೆಗೆ ಬರುತ್ತಿದ್ದವು. ಕೊನೆಗೆ 1825ರ ನವೆಂಬರಿನಲ್ಲಿ ದಂಡ ವಸೂಲಿಯಾಗದೆಯೇ, ಜಾಮೀನೂ ಇಲ್ಲದೆ, ಸರ್ಕಾರ ಕಾರ್ಲೈಲ್‌ನನ್ನು ಬಿಡುಗಡೆ ಮಾಡಿತು. ಕಾಯಿದೆ ಪುಸ್ತಕದಲ್ಲಿ ಹಾಗೆಯೇ ಉಳಿಯಿತು, ಆದರೆ ಅಷ್ಟು ಜನರನ್ನು ಸರದಿಯಲ್ಲಿ ಜೈಲಿಗೆ ಕಳುಹಿಸುವ ಉತ್ಸಾಹ ಮತ್ತೆ ಅಷ್ಟರ ಮಟ್ಟಿಗೆ ಬರಲಿಲ್ಲ.

ಹೊರಬಂದ ಮೇಲಿನ ಬದುಕು ಅಷ್ಟು ನೇರವಲ್ಲ. 1826ರಲ್ಲಿ ‘ಎವ್ರಿ ವುಮನ್ಸ್ ಬುಕ್’ ಎಂಬ ಸಂತಾನ ನಿಯಂತ್ರಣದ ಕೈಪಿಡಿ ಪ್ರಕಟಿಸಿದ. ಇಂಗ್ಲಿಷಿನಲ್ಲಿ ಸಾಮಾನ್ಯ ಓದುಗರಿಗಾಗಿ ಆ ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಿದ ಮೊದಲ ಪುಸ್ತಕಗಳಲ್ಲಿ ಅದು ಒಂದು. ಹೆಣ್ಣಿಗೂ ದೇಹಸುಖದ ಹಕ್ಕಿದೆ, ಬಸಿರು ಅವಳ ಇಚ್ಛೆಯಂತಾಗಬೇಕು ಎಂಬ ಮಾತು ಆತನ ಜೊತೆಗಾರ ಸುಧಾರಕರಲ್ಲೇ ಅನೇಕರಿಗೆ ಜೀರ್ಣವಾಗಲಿಲ್ಲ. 1830ರಲ್ಲಿ ಥೇಮ್ಸ್ ನದಿಯ ದಕ್ಷಿಣಕ್ಕಿದ್ದ ರೊಟಂಡಾ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಲಂಡನ್ನಿನ ಸುಧಾರಣಾವಾದಿಗಳ ಅಡ್ಡೆಯನ್ನಾಗಿಸಿದ. ಅದೇ ವರ್ಷ ದಕ್ಷಿಣದ ಹಳ್ಳಿಗಳಲ್ಲಿ ಕೃಷಿ ಕೂಲಿಗಳು ಒಕ್ಕಣೆ ಯಂತ್ರಗಳನ್ನು ಒಡೆದು ದಂಗೆಯೆದ್ದಾಗ ಅವರ ಪರವಾಗಿ ಬರೆದ. ಅದಕ್ಕೆ 1831ರ ಜನವರಿಯಲ್ಲಿ ಎರಡು ವರ್ಷ ಜೈಲು, 200 ಪೌಂಡ್ ದಂಡ. ಮುಂದೆ ಚರ್ಚಿಗೆ ತೆರಿಗೆ ಕಟ್ಟಲು ನಿರಾಕರಿಸಿ, ಅಂಗಡಿಯ ಕಿಟಕಿಯಲ್ಲಿ ಬಿಷಪ್ಪನ ಮತ್ತು ಸೈತಾನನ ಬೊಂಬೆಗಳನ್ನು ನಿಲ್ಲಿಸಿ ಮತ್ತೊಮ್ಮೆ ಒಳಗೆ ಹೋದ. ಒಟ್ಟು ಒಂಬತ್ತು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲೇ ಕಳೆಯಿತು.

ಹಾಗಾದರೆ ಮರೆತದ್ದು ಏಕೆ? ಒಂದು ಕಾರಣ ಆತನ ಸ್ವಭಾವ. ಸಂಘಟನೆಯಲ್ಲಿ ಆತನಿಗೆ ನಂಬಿಕೆ ಇರಲಿಲ್ಲ. ಒಬ್ಬೊಬ್ಬ ಮನುಷ್ಯನೂ ಓದಿ ತಿದ್ದಿಕೊಂಡರೆ ದೇಶ ತಿದ್ದುತ್ತದೆ ಎಂದು ನಂಬಿದ್ದ. 1830ರ ದಶಕದಲ್ಲಿ ಕಾರ್ಮಿಕರು ಸಂಘ ಕಟ್ಟಿ, ಮತದಾನದ ಹಕ್ಕಿಗಾಗಿ ಚಾರ್ಟಿಸ್ಟ್ ಚಳವಳಿಯತ್ತ ಹೊರಟಾಗ ಆತ ಅವರ ಜೊತೆ ಹೋಗಲಿಲ್ಲ, ಬದಲಿಗೆ ಜಗಳ ಮಾಡಿದ. ಆತನ ಅಂಗಡಿಯಲ್ಲಿ ತಯಾರಾದ ವ್ಯಾಟ್ಸನ್‌ನಂಥವರು, ಸ್ಟಾಂಪ್ ಇಲ್ಲದೆಯೇ ‘ಪೂರ್ ಮ್ಯಾನ್ಸ್ ಗಾರ್ಡಿಯನ್’ ಹೊರಡಿಸಿದ ಹೆನ್ರಿ ಹೆದರಿಂಗ್ಟನ್‌ನಂಥವರು ಮುಂದೆ ಸಾಗಿದರು. ಮೇಲಾಗಿ ಕೊನೆಯ ವರ್ಷಗಳಲ್ಲಿ ಕಾರ್ಲೈಲ್ ಬೈಬಲನ್ನು ಸಾಂಕೇತಿಕವಾಗಿ ಓದುತ್ತಾ ತನ್ನನ್ನು ಕ್ರೈಸ್ತನೆಂದು ಕರೆದುಕೊಳ್ಳತೊಡಗಿದ. ನಾಸ್ತಿಕರಿಗೂ ಬೇಡವಾದ, ಚರ್ಚಿಗಂತೂ ಮೊದಲೇ ಬೇಡ.

ಇನ್ನೊಂದನ್ನೂ ಹೇಳಬೇಕು. ಎರಡು ವರ್ಷ ಜೈಲಿನಲ್ಲಿದ್ದು, ಅಂಗಡಿ ಉಳಿಸಿಕೊಟ್ಟ ಜೇನ್‌ಳನ್ನು ಆತ ವಾರ್ಷಿಕ ಜೀವನಾಂಶ ಗೊತ್ತುಮಾಡಿ ಬಿಟ್ಟುಬಿಟ್ಟ. ಬೋಲ್ಟನ್ ಊರಿನಿಂದ ಬಂದ ಎಲೈಜಾ ಶಾರ್ಪಲ್ಸ್ ಜೊತೆ ಬಾಳತೊಡಗಿದ. ಎಲೈಜಾ ಸ್ವತಃ ದೊಡ್ಡ ವ್ಯಕ್ತಿ. ಕಾರ್ಲೈಲ್ ಜೈಲಿನಲ್ಲಿದ್ದಾಗ 1832ರಲ್ಲಿ ರೊಟಂಡಾದ ವೇದಿಕೆ ಏರಿ ರಾಜಕೀಯ ಮತ್ತು ಧರ್ಮದ ಬಗ್ಗೆ ಉಪನ್ಯಾಸ ಕೊಟ್ಟಳು, ‘ಐಸಿಸ್’ ಎಂಬ ವಾರಪತ್ರಿಕೆಯ ಸಂಪಾದಕಿಯಾದಳು. ಹೆಣ್ಣು ಸಾರ್ವಜನಿಕವಾಗಿ ಮಾತನಾಡುವುದೇ ಅಪರೂಪವಾಗಿದ್ದ ಕಾಲ ಅದು. ಈ ಇಬ್ಬರು ಹೆಂಗಸರ ಕೊಡುಗೆಯನ್ನೂ ಮುಕ್ತವಾಗಿ ಗುರುತಿಸಬೇಕು, ಜೇನ್‌ಗೆ ಆದ ಅನ್ಯಾಯವನ್ನೂ ಮುಚ್ಚಬಾರದು.

1843ರ ಫೆಬ್ರುವರಿ 10ರಂದು ಕಾರ್ಲೈಲ್ ಬಡವನಾಗಿಯೇ ತೀರಿಕೊಂಡ. ಆತನ ಇಚ್ಛೆಯಂತೆ ದೇಹವನ್ನು ವೈದ್ಯಕೀಯ ಅಧ್ಯಯನಕ್ಕೆ ಸೇಂಟ್ ಥಾಮಸ್ ಆಸ್ಪತ್ರೆಗೆ ಕೊಟ್ಟರು. ದೇಹವನ್ನು ಕೊಯ್ಯುವುದು ಕೊಲೆಗಡುಕರಿಗೂ ಅನಾಥರಿಗೂ ಆಗುವ ಅವಮಾನ ಎಂದು ಬಡವರು ಭಯಪಡುತ್ತಿದ್ದ ಕಾಲದಲ್ಲಿ ಅದು ಬೇಕೆಂದೇ ಮಾಡಿದ ಆಯ್ಕೆ. ನಂತರ ಕೆನ್ಸಲ್ ಗ್ರೀನ್‌ನಲ್ಲಿ ಹೂಳುವಾಗ ಪಾದ್ರಿ ಪ್ರಾರ್ಥನೆ ಓದುವುದನ್ನು ಮಕ್ಕಳು ಪ್ರತಿಭಟಿಸಿದರು. ಪಾದ್ರಿ ಓದಿಯೇ ತೀರಿದ.

ಭಾರತದ ನಂಟಿನ ಬಗ್ಗೆ ಕೇಳಿದ್ದೀರಿ. ಕಾರ್ಲೈಲ್‌ಗೆ ನೇರ ನಂಟಿಲ್ಲ, ಆದರೆ ಆತನ ಮನೆಯಿಂದ ಒಂದು ದಾರಿ ಇಲ್ಲಿಗೆ ಬರುತ್ತದೆ. ಕಾರ್ಲೈಲ್ ಸತ್ತ ಮೇಲೆ ಎಲೈಜಾ ಲಂಡನ್ನಿನಲ್ಲಿ ಸಣ್ಣ ಕಾಫಿ ಅಂಗಡಿ ನೋಡಿಕೊಳ್ಳುತ್ತಿದ್ದಳು. ನಂಬಿಕೆಯ ಪ್ರಶ್ನೆಯಲ್ಲಿ ಮನೆಯವರೊಂದಿಗೆ ಮನಸ್ತಾಪವಾಗಿ ಹೊರಬಂದ ಹದಿಹರೆಯದ ಚಾರ್ಲ್ಸ್ ಬ್ರ್ಯಾಡ್‌ಲಾಗೆ ಆಶ್ರಯ ಕೊಟ್ಟದ್ದು ಆಕೆಯ ಮನೆ. ಬ್ರ್ಯಾಡ್‌ಲಾ 1877ರಲ್ಲಿ ಆ್ಯನಿ ಬೆಸೆಂಟ್ ಜೊತೆ ಸೇರಿ ಸಂತಾನ ನಿಯಂತ್ರಣದ ಪುಸ್ತಕವೊಂದನ್ನು ಪ್ರಕಟಿಸಿ ವಿಚಾರಣೆ ಎದುರಿಸಿದ, ಸಂಸತ್ತಿನಲ್ಲಿ ಭಾರತದ ಪರ ಎಷ್ಟು ಮಾತನಾಡಿದನೆಂದರೆ ಆತನನ್ನು ಭಾರತದ ಸದಸ್ಯ ಎಂದೇ ಕರೆಯುತ್ತಿದ್ದರು. 1889ರ ಬೊಂಬಾಯಿ ಕಾಂಗ್ರೆಸ್ ಅಧಿವೇಶನಕ್ಕೂ ಬಂದಿದ್ದ. 1891ರಲ್ಲಿ ಆತ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಓದುತ್ತಿದ್ದ ಮೋಹನದಾಸ ಗಾಂಧಿಯೂ ಇದ್ದರು. ಆ್ಯನಿ ಬೆಸೆಂಟ್ 1917ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷೆಯಾದದ್ದು ನಿಮಗೆ ಗೊತ್ತಿರುವುದೇ. ಇನ್ನೊಂದು ಕಡೆ, ಕಾರ್ಲೈಲ್‌ನ ಕಾಲದಲ್ಲಿ ಪ್ರಕಾಶಕರನ್ನು ಹಣಿಯಲು ಬಳಸಿದ ರಾಜದ್ರೋಹದ ಕಲ್ಪನೆಯನ್ನೇ ಬ್ರಿಟಿಷರು 1870ರಲ್ಲಿ ನಮ್ಮ ದಂಡ ಸಂಹಿತೆಗೆ 124ಎ ಕಲಮಾಗಿ ಸೇರಿಸಿದರು. ತಿಲಕರ ಮೇಲೂ ಗಾಂಧೀಜಿಯ ಮೇಲೂ ಅದನ್ನೇ ಪ್ರಯೋಗಿಸಿದರು. ಇಂಗ್ಲೆಂಡ್ ತನ್ನಲ್ಲಿನ ದೈವನಿಂದೆಯ ಅಪರಾಧವನ್ನು 2008ರಲ್ಲಿ ರದ್ದು ಮಾಡಿತು, ರಾಜದ್ರೋಹದ ಬರಹದ ಅಪರಾಧವನ್ನು ಕೈಬಿಡುವ ಕಾಯಿದೆಯನ್ನು 2009ರಲ್ಲಿ ಮಾಡಿತು.

ನಿಮ್ಮ ಪ್ರಬಂಧಕ್ಕೆ ಒಂದು ಸಲಹೆ. ಪೀಟರ್‌ಲೂಗೆ ಸಂಬಂಧಿಸಿದಂತೆ ಕಾರ್ಲೈಲ್‌ನ ವರದಿಯೊಂದನ್ನೇ ಉಲ್ಲೇಖಿಸಿ ನಿಲ್ಲಬೇಡಿ. ಆ ಘಟನೆಯ ನಂತರದ ಐದಾರು ವರ್ಷಗಳಲ್ಲಿ ಆತನ ಅಂಗಡಿಯಿಂದ ಜೈಲಿಗೆ ಹೋದವರ ವಿಚಾರಣೆಗಳನ್ನು, ಅದರಲ್ಲೂ ಸುಸಾನಾ ರೈಟ್ ಮಾಡಿದ ವಾದವನ್ನು ಓದಿ. ಮೈದಾನದಲ್ಲಿ ಚದುರಿಸಿದ ಜನ ಆಮೇಲೆ ಎಲ್ಲಿ ಸೇರಿದರು ಎಂಬ ಪ್ರಶ್ನೆ ನಿಮ್ಮ ವಿಷಯಕ್ಕೆ ಬೇಕೇ ಬೇಕು, ಅದಕ್ಕೆ ಉತ್ತರ ಇರುವುದು ಆ ಕಾಗದಗಳಲ್ಲಿ.